ಊರಿನ ರಂಗಮಂದಿರ ಉಳಿಯಬೇಕಾದರೆ: ಊರವರ ಜೊತೆ ಕೂತು ಐದು ವರ್ಷದ ಲೆಕ್ಕ ಹಾಕುವುದು ಹೇಗೆ

ರಂಗಮಂದಿರ ಕಟ್ಟುವುದಕ್ಕೆ ದುಡ್ಡು ಹೇಗೋ ಹೊಂದುತ್ತದೆ. ಶಾಸಕರ ನಿಧಿ, ಇಲಾಖೆಯ ಅನುದಾನ, ಊರಿನ ವಂತಿಗೆ, ಬೆಂಗಳೂರು ಸೇರಿದವರ ದೇಣಿಗೆ ಎಲ್ಲ ಬರುತ್ತವೆ. ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರಲ್ಲ! ಕರೆಂಟ್ ಬಿಲ್ಲಿಗೆ, ಶೌಚಾಲಯ ತೊಳೆಯುವವರ ಸಂಬಳಕ್ಕೆ, ಒಡೆದ ಹಂಚಿಗೆ ಮಾತ್ರ ಯಾರೂ ದೇಣಿಗೆ ಕೊಡುವುದಿಲ್ಲ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಒಳ್ಳೆಯ ಮಂದಿರಗಳು ಬೀಗ ಹಾಕಿಕೊಂಡು ನಿಂತಿರುವುದು ಇದರಿಂದಲೇ. ಹಾಗಾಗಿ ಐದು ವರ್ಷದ ಯೋಜನೆ ಹಾಕಲು ಹೊರಟವರು ಎಂಜಿನಿಯರರ ನಕ್ಷೆ ಬಿಚ್ಚುವ ಮೊದಲು ಬುಕಿಂಗ್ ಪುಸ್ತಕ ಬಿಚ್ಚಬೇಕು.

ಹಿಂದಿನ ಮೂರು ವರ್ಷದ ಪುಸ್ತಕ ತೆಗೆದು ದೊಡ್ಡ ಹಾಳೆಯ ಮೇಲೆ ಹನ್ನೆರಡು ತಿಂಗಳ ಕಾಲಂ ಎಳೆಯಿರಿ. ಪ್ರತಿ ಕಾರ್ಯಕ್ರಮವನ್ನೂ ಅದರ ತಿಂಗಳಲ್ಲಿ ಗುರುತಿಸಿ. ಯಾರು ಮಾಡಿದರು, ಬಾಡಿಗೆ ಎಷ್ಟು, ಬಿಟ್ಟಿಯಾಗಿ ಕೊಟ್ಟದ್ದೇ, ಅಂದಾಜು ಎಷ್ಟು ಜನ ಬಂದಿದ್ದರು ಎಂದು ಬರೆಯಿರಿ. ಪುಸ್ತಕವೇ ಇಲ್ಲದಿದ್ದರೆ ಶಾಮಿಯಾನದವರ ಹತ್ತಿರ, ಮೈಕ್ ಸೆಟ್ಟಿನವರ ಹತ್ತಿರ ಕೇಳಿ. ಅವರ ಬಿಲ್ ಪುಸ್ತಕ ಸಾಮಾನ್ಯವಾಗಿ ಮಂದಿರದ ಪುಸ್ತಕಕ್ಕಿಂತ ಅಚ್ಚುಕಟ್ಟಾಗಿರುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ಹೆಚ್ಚುಕಡಿಮೆ ಖಾಲಿ ಕಾಣುತ್ತದೆ. ಮಳೆ ಅದಕ್ಕೊಂದು ಕಾರಣ, ತಗಡಿನ ಚಾವಣಿ ಇನ್ನೊಂದು. ಜೋರು ಮಳೆ ಹೊಡೆಯುವಾಗ ತಗಡಿನ ಕೆಳಗೆ ಮಾತೇ ಕೇಳಿಸದು. ಅಲ್ಲಿ ಹೊಸ ವೇದಿಕೆಗಿಂತ ಚಾವಣಿಯ ಕೆಳಗೊಂದು ಪದರ ಹಾಕಿಸಿದರೆ ನಾಲ್ಕು ತಿಂಗಳು ಮರಳಿ ಸಿಗುತ್ತವೆ.

ಅದರ ಜೊತೆಗೇ ಕಾಗದಪತ್ರ ನೋಡಿ. ಜಾಗ ಯಾರ ಹೆಸರಿನಲ್ಲಿದೆ? ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಆಸ್ತಿಯ ಗಣಕೀಕೃತ ದಾಖಲೆ, ಅಂದರೆ ಇ-ಸ್ವತ್ತು ನಮೂನೆ 9 ಮತ್ತು 11 ಕೈಗೆ ಬಂದಿದೆಯೇ? ಮಂದಿರ ನಡೆಸುವ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ವರ್ಷವರ್ಷದ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿಗೆ ಹೋಗಿದೆಯೇ? ಕಂಪನಿಗಳು ಸಮಾಜಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣದ ಆಸೆ ಎಲ್ಲರಿಗೂ ಇದೆ. ಕಲೆ, ಸಂಸ್ಕೃತಿಗೆ ಅದು ಸಿಗುವುದೂ ನಿಜ. ಆದರೆ ಆದಾಯ ತೆರಿಗೆ ಇಲಾಖೆಯಲ್ಲಿ ತೆರಿಗೆ ವಿನಾಯಿತಿಯ ನೋಂದಣಿ (12ಎ, 80ಜಿ ಎಂದು ರೂಢಿಯಲ್ಲಿರುವವು), ಸಿಎಸ್‌ಆರ್ ಹಣ ಪಡೆಯಲು ಹೆಸರು ನೋಂದಾಯಿಸುವ ಸಿಎಸ್‌ಆರ್-1 ಅರ್ಜಿ, ಕನಿಷ್ಠ ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ, ಇಷ್ಟು ಇಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಇದೆಲ್ಲ ಸರಿಯಾಗಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಮೊದಲೇ ಶುರು ಮಾಡಿಬಿಡಿ.

ಸಭೆ ಕರೆಯುವುದು

ಧ್ವನಿವರ್ಧಕ ಕಟ್ಟಿ ಕೂಗಿಸಿ ಒಂದೇ ದೊಡ್ಡ ಸಭೆ ಮಾಡಿದರೆ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಅದರ ಬದಲು ಹದಿನೈದು ಇಪ್ಪತ್ತು ಜನರ ಆರೇಳು ಸಣ್ಣ ಸಭೆ ಮಾಡಿ, ನೀವೇ ಅವರಿದ್ದಲ್ಲಿಗೆ ಹೋಗಿ. ಸ್ವಸಹಾಯ ಸಂಘದ ವಾರದ ಸಭೆಯ ಕೊನೆಯ ಅರ್ಧ ಗಂಟೆ ಕೇಳಿ ಪಡೆಯಿರಿ. ಯಕ್ಷಗಾನ ಮೇಳದವರು, ಭಜನೆ ಮಂಡಳಿ, ಹೈಸ್ಕೂಲು ಮೇಷ್ಟರು, ಡೊಳ್ಳು ಬಾರಿಸುವ ಹುಡುಗರು, ಊರ ಹೊರಗಿನ ಕಾಲನಿಯವರು ಬೇರೆ ಬೇರೆಯಾಗಿ ಕೂತಾಗಲೇ ಬಾಯಿ ಬಿಡುತ್ತಾರೆ. ನಾಟಿ, ಕೊಯ್ಲು, ಅಡಿಕೆ ಸುಲಿತದ ದಿನಗಳನ್ನು ಬಿಡಿ. ಸಂಜೆಯಾದರೆ ಡೇರಿಗೆ ಹಾಲು ಹಾಕಿ ಬಂದ ಮೇಲೆ.

‘ನಿಮಗೇನು ಬೇಕು’ ಎಂದು ಕೇಳಬೇಡಿ. ಎಸಿ, ಮೆತ್ತನೆ ಕುರ್ಚಿ, ಲಿಫ್ಟು ಎಂದು ಪಟ್ಟಿ ಬೆಳೆಯುತ್ತದೆ. ‘ಹೋದ ವರ್ಷ ಇಲ್ಲಿಗೆ ಎಷ್ಟು ಸಲ ಬಂದಿರಿ? ಕೊನೆಯ ಸಲ ಯಾಕೆ ಬರಲಿಲ್ಲ?’ ಎಂದು ಕೇಳಿ. ಉತ್ತರ ಸಣ್ಣದಾಗಿರುತ್ತದೆ, ಖರ್ಚೂ ಸಣ್ಣದು: ಹೆಂಗಸರ ಶೌಚಾಲಯದ ದಾರಿಯಲ್ಲಿ ದೀಪವಿಲ್ಲ, ನಾಟಕ ಮುಗಿಯುವ ಮೊದಲೇ ಕೊನೆಯ ಬಸ್ಸು ಹೋಗುತ್ತದೆ, ಮುಂದಿನ ಸಾಲು ಯಾವಾಗಲೂ ಗಣ್ಯರಿಗೆ, ನಮ್ಮ ಕೇರಿಗೆ ಕರೆಯೋಲೆಯೇ ಬರಲಿಲ್ಲ. ಕೊನೆಯದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಸಮಿತಿಯಲ್ಲಿ ಓದುವಾಗ ನಯ ಮಾಡಬೇಡಿ.

ಆಯ್ಕೆಗೆ ಹುಣಸೆಬೀಜ ಸಾಕು. ಕೆಲಸಗಳನ್ನು ಒಂದೊಂದು ರಟ್ಟಿನ ಮೇಲೆ ಚಿತ್ರವಾಗಿ ಬರೆದಿಡಿ, ಅಂದಾಜು ಖರ್ಚನ್ನೂ ಬರೆಯಿರಿ. ಒಬ್ಬೊಬ್ಬರಿಗೆ ಹತ್ತು ಬೀಜ. ಬೇಕೆನಿಸಿದ್ದರ ಮೇಲೆ ಇಡಲಿ. ಎಲ್ಲರೂ ಒಟ್ಟಿಗೆ ಇಟ್ಟರೆ ಊರಿನ ಯಜಮಾನರು ಇಟ್ಟ ಕಡೆಗೇ ಉಳಿದ ಬೀಜಗಳೂ ಉರುಳುತ್ತವೆ. ಆದ್ದರಿಂದ ರಟ್ಟಿನ ಬದಲು ಡಬ್ಬಿ ಇಟ್ಟು, ಪರದೆಯ ಹಿಂದೆ ಒಬ್ಬೊಬ್ಬರಾಗಿ ಹೋಗಿ ಹಾಕಿ ಬರುವಂತೆ ಮಾಡುವುದೇ ಒಳ್ಳೆಯದು. ಪ್ರತಿ ಸಭೆಯ ಎಣಿಕೆ ಬೇರೆ ಇಡಿ. ಒಟ್ಟು ಕೂಡಿಸಿದರೆ ಚಿಕ್ಕ ಕೇರಿಯ ಬೇಡಿಕೆ ಕಾಣದೆ ಹೋಗುತ್ತದೆ.

ಒಂದು ದಿನಕ್ಕೆ ಎಷ್ಟು ಖರ್ಚು

ಉದಾಹರಣೆಗೆ ಒಂದು ಲೆಕ್ಕ. ಕಾವಲು, ಸ್ವಚ್ಛತೆ, ಕರೆಂಟು, ಚಿಲ್ಲರೆ ರಿಪೇರಿ ಸೇರಿ ತಿಂಗಳಿಗೆ 20,000 ರೂಪಾಯಿ, ವರ್ಷಕ್ಕೆ 2,40,000. ಸವಕಳಿಗೆ ತೆಗೆದಿಡಬೇಕಾದದ್ದು ಬೇರೆ: 60,000ದ ಪರದೆ ಹತ್ತು ವರ್ಷ ಬಾಳಿದರೆ ವರ್ಷಕ್ಕೆ 6,000, ಎರಡು ಲಕ್ಷದ ಮೈಕ್ ಸೆಟ್ಟು ಎಂಟು ವರ್ಷಕ್ಕೆ ಎಂದರೆ 25,000, ಐದು ವರ್ಷಕ್ಕೊಮ್ಮೆ 1,45,000ದ ಬಣ್ಣ ಎಂದರೆ 29,000. ಒಟ್ಟು ಮೂರು ಲಕ್ಷ. ವರ್ಷಕ್ಕೆ 75 ದಿನ ಬಳಕೆಯಾದರೆ ದಿನಕ್ಕೆ 4,000 ಬಿತ್ತು. ಈ ಸವಕಳಿಯನ್ನು ಬಿಟ್ಟು ಬಾಡಿಗೆ ಗೊತ್ತು ಮಾಡುವುದೇ ಹೆಚ್ಚಿನ ಕಡೆ ಆಗುವ ತಪ್ಪು. ಐದನೇ ವರ್ಷ ಸ್ಪೀಕರು ಹೋದಾಗ ಮತ್ತೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೊರಡಬೇಕಾಗುತ್ತದೆ.

ಈ 75 ದಿನದಲ್ಲಿ 30 ದಿನ ಶಾಲೆ, ಭಜನೆ, ಊರಿನ ಕಲಾವಿದರಿಗೆ 1,000ಕ್ಕೆ ಕೊಟ್ಟರೆ 30,000. 25 ದಿನ ಹೊರಗಿನ ತಂಡಗಳಿಗೆ 4,000ಕ್ಕೆ ಕೊಟ್ಟರೆ ಒಂದು ಲಕ್ಷ. ಉಳಿದ 1,70,000ವನ್ನು 20 ದಿನದಲ್ಲಿ ತರಬೇಕು, ಅಂದರೆ ದಿನಕ್ಕೆ 8,500. ಇಲ್ಲಿ ಮದುವೆ ಬಾಗಿಲು ತಟ್ಟುತ್ತದೆ. ಮದುವೆಗೆ ಕೊಡುವುದು ತಪ್ಪೇನಲ್ಲ, ಆದರೆ ಮುಹೂರ್ತದ ದಿನಗಳು ಒಮ್ಮೆ ಕೈಬಿಟ್ಟರೆ ಬೇಸಿಗೆ ಪೂರ್ತಿ ಕಲೆಗೆ ಜಾಗವಿರುವುದಿಲ್ಲ. ವೇದಿಕೆಯ ಹಲಗೆಗೆ ಎಣ್ಣೆ, ಅರಿಸಿನ ಇಳಿದರೆ ಕುಣಿಯುವವರ ಕಾಲು ಜಾರುತ್ತದೆ. ಉಪಾಯ ಇಷ್ಟೇ: ಯುಗಾದಿಗೆ ಹೊಸ ಪಂಚಾಂಗ ಬರುವ ಮೊದಲೇ, ಫೆಬ್ರವರಿಯೊಳಗೆ, ಕಲೆಯ ದಿನಗಳನ್ನು ಕಾದಿರಿಸಿ ಗೋಡೆಗೆ ಹಚ್ಚಿ. ಮದುವೆಗೆ ಸಭಾಂಗಣ ಕೊಡಿ, ವೇದಿಕೆಯ ಮೇಲೆ ಮಂಟಪ ಬೇಡ.

ಖಾಲಿ ದಿನ ತುಂಬಲು ತಿರುಗಾಟದ ತಂಡಗಳನ್ನು, ಅಂದರೆ ಊರೂರಿಗೆ ಹೋಗಿ ನಾಟಕ ಆಡುವವರನ್ನು ಕರೆಯಿರಿ. ಹೆಗ್ಗೋಡಿನ ನೀನಾಸಂ 1949ರಲ್ಲಿ ಊರಿನ ಹವ್ಯಾಸಿ ಸಂಘವಾಗಿ ಹುಟ್ಟಿ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಶುರುಮಾಡಿತು. ಸಾಣೇಹಳ್ಳಿಯ ಶಿವಸಂಚಾರ ನಾಟಕ ತಂಡವೂ ಊರೂರು ತಿರುಗುತ್ತದೆ. ಇಂಥ ತಂಡಗಳಿಗೆ ಸುಮಾರು 30 ಅಡಿ ಅಗಲ, 25 ಅಡಿ ಆಳದ ರಂಗ, ಬೀಗ ಬೀಳುವ ಬಣ್ಣದ ಕೋಣೆ, ರಾತ್ರಿ ಊಟ, ಮಲಗಲು ಜಾಗ ಇದ್ದರೆ ಸಾಕಾಗುತ್ತದೆ. ಮಂದಿರ ಬಯಲಾಗಿದ್ದರೆ ಸಾಮಾನ್ಯವಾಗಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಈ ನಿಯಮದಿಂದ ವಿನಾಯಿತಿ ಇರುವುದು ಮುಚ್ಚಿದ ಸಭಾಂಗಣಕ್ಕೆ. ಮೂರು ಕಡೆ ಗೋಡೆಯಿಲ್ಲದ ಮಂದಿರವನ್ನು ಮುಚ್ಚಿದ್ದೆಂದು ಪೊಲೀಸರಿಗೆ ಒಪ್ಪಿಸುವುದು ಕಷ್ಟ.

ಕರೆಂಟು, ನೀರು

ಸೋಲಾರಿಗೆ ಓಡುವ ಮೊದಲು ದೀಪ ಬದಲಿಸಿ. 1,000 ವ್ಯಾಟಿನ ಹನ್ನೆರಡು ಹಳೇ ರಂಗದೀಪ ಎಂದರೆ 12 ಕಿಲೋವ್ಯಾಟ್. 200 ವ್ಯಾಟಿನ ಎಲ್‌ಇಡಿಯಾದರೆ 2.4. ಆಮೇಲೆ ಮಂಜೂರಾದ ಲೋಡನ್ನು ಇಳಿಸಲು ವಿದ್ಯುತ್ ಸರಬರಾಜು ಕಂಪನಿಗೆ (ಎಸ್ಕಾಂ) ಅರ್ಜಿ ಹಾಕದಿದ್ದರೆ ನಿಗದಿತ ಶುಲ್ಕ ಹಾಗೇ ಉಳಿಯುತ್ತದೆ. ಇದನ್ನು ಮರೆಯುವವರೇ ಜಾಸ್ತಿ. ಸೋಲಾರಿನ ಒಂದು ಕಿಲೋವ್ಯಾಟಿಗೆ ಸುಮಾರು 10 ಚದರ ಮೀಟರ್ ಚಾವಣಿ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಬಿಸಿಲು ಹಗಲು, ನಾಟಕ ರಾತ್ರಿ. ಹಗಲು ಮಿಕ್ಕ ಕರೆಂಟನ್ನು ಎಸ್ಕಾಂಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರಿಂಗ್ ಇಲ್ಲದೆ ಲಾಭವಿಲ್ಲ. ಹಂಚಿನ ಮಾಡಾದರೆ ಹಂಚು ಹೊರುವ ಮರದ ಪಕಾಸು, ರೀಪು ಭಾರ ತಡೆಯುತ್ತವೆಯೇ ಎಂದು ಮೊದಲು ಬಡಗಿಗೆ ತೋರಿಸಿ.

ಮಳೆನೀರಿನ ಲೆಕ್ಕ ಸುಲಭ. 300 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 300 ಲೀಟರ್, ಸೋರಿ ಆರಿ ಕೈಗೆ ಸಿಗುವುದು 240. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ವಾಲ್ವ್ ಇರಲಿ.

ಕೀಲಿಕೈ ಯಾರ ಕೈಯಲ್ಲಿ

ಕೀಲಿಕೈ, ಲೆಕ್ಕದ ಪುಸ್ತಕ, ಕ್ಯಾಲೆಂಡರು ಮೂರೂ ಒಬ್ಬರ ಹತ್ತಿರ ಇರಬಾರದು. ಸಮಿತಿಯ ಮೂರನೇ ಒಂದು ಭಾಗ ವರ್ಷವರ್ಷ ಬದಲಾಗಲಿ, ಚೆಕ್ಕಿಗೆ ಇಬ್ಬರ ಸಹಿ ಇರಲಿ, ಜಮಾಖರ್ಚು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಬರಲಿ. ಸಣ್ಣ ಸಭೆಗಳಲ್ಲಿ ಮಾತಾಡಿದವರಲ್ಲೇ ಇಬ್ಬರು ಹೆಂಗಸರನ್ನು, ಮೂವತ್ತು ದಾಟದ ಇಬ್ಬರನ್ನು ಸೇರಿಸಿಕೊಳ್ಳಿ. ಕುರ್ಚಿ ಜೋಡಿಸುವ ಕೆಲಸಕ್ಕಷ್ಟೇ ಕರೆದರೆ ಅವರು ಎರಡನೇ ಸಭೆಗೆ ಬರುವುದಿಲ್ಲ.

ಕರಡು ಒಂದೇ ಹಾಳೆಯಲ್ಲಿರಲಿ: ಕೆಲಸ, ವರ್ಷ, ಖರ್ಚು, ಹಣದ ಮೂಲ, ಹೊಣೆ ಹೊತ್ತವರ ಹೆಸರು. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕಕ್ಕೆ ಸೇರಿಸಲು ಪಿಡಿಒ ಅವರನ್ನು ಕೇಳಿಕೊಳ್ಳಿ. ಪಂಚಾಯಿತಿಯ ಮುಂದಿನ ವರ್ಷದ ‘ನಮ್ಮ ಗ್ರಾಮ ನಮ್ಮ ಯೋಜನೆ’ ಸಿದ್ಧವಾಗುವ ಕಾಲಕ್ಕೆ ಹೋದರೆ ಶೌಚಾಲಯ, ಬೀದಿದೀಪ, ಚರಂಡಿಯಂಥ ಕೆಲಸಗಳು ಅಲ್ಲೇ ಸೇರಿಕೊಳ್ಳುತ್ತವೆ, ಮಂದಿರದ ದುಡ್ಡು ಉಳಿಯುತ್ತದೆ. ಮುಂದಿನ ವರ್ಷ ಇದೇ ಹಾಳೆ ಹಿಡಿದು ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಓದುವ ದಿನವನ್ನೂ ಆ ಸಭೆಯಲ್ಲೇ ಗೊತ್ತು ಮಾಡಿ, ಮಂದಿರದ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಸಿಡಿ.