ಮದುವೆ ವಿಷಯ ಅಲ್ರಿ ಸರ್, ಬಾಡಿಗೆ ಮನೆ ವಿಷಯ

2023ರ ನವೆಂಬರ್. ಬೆಳಗಾವಿಯ ಒಬ್ಬ ಶಾಸಕರ ಮನೆ ಮುಂದೆ ಬೆಳಗ್ಗೆ ಏಳೂವರೆಗೇ ನಿಂತಿದ್ದೆ. ಕೈಯಲ್ಲಿ ನಾಲ್ಕು ಪುಟದ ಮನವಿ. ಅಂಗಳದ ತುಂಬಾ ಜನ. ವರ್ಗಾವಣೆ ಬೇಕಾದ ಮಾಸ್ತರರು, ಬೋರ್‌ವೆಲ್ ಕೇಳುವ ರೈತರು, ಲಗ್ನಪತ್ರಿಕೆ ಕೊಡಲು ಬಂದವರು. ನನ್ನ ಸರದಿ ಬಂದಾಗ ಪಿಎ ಮೊದಲ ಪುಟದ ಮೇಲೆ ಕಣ್ಣಾಡಿಸಿ, "ಯಾವ ಊರಿನ ಕೆಲಸರಿ ಇದು? ರೋಡೋ, ನೀರೋ?" ಅಂದರು.

"ಕಾಯ್ದೆ ಬೇಕಾಗಿತ್ರಿ" ಅಂದೆ. ಅವರು ನನ್ನ ಮುಖ ನೋಡಿದರು. ಮನವಿ ಕಟ್ಟಿನ ತಳಕ್ಕೆ ಹೋಯಿತು.

ನಾನು ಸಲಿಂಗಿ. ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುತ್ತೇನೆ. ಆ ವರ್ಷದ ಬೇಸಿಗೆಯಲ್ಲಿ ನಾನೂ ನನ್ನ ಸಂಗಾತಿಯೂ ಮೂರು ವರ್ಷ ಇದ್ದ ಮನೆ ಬಿಡಬೇಕಾಯಿತು. ಬಾಡಿಗೆ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಯಾರೋ ಮಾಲೀಕರ ಕಿವಿಗೆ ಏನೋ ಹಾಕಿದ್ದರು. "ಹದಿನೈದು ದಿನ ಕೊಡ್ತೇನಿ, ಖಾಲಿ ಮಾಡ್ರಿ. ಯಾಕಂತ ನಿಮಗ ಗೊತ್ತೈತಿ" ಅಂದರು. ಗೊತ್ತಿತ್ತು.

ಪರಿಚಯದ ವಕೀಲರ ಹತ್ತಿರ ಹೋದೆ. ಅವರು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ ತೆಗೆದು ಕಲಂ 3 ತೋರಿಸಿದರು. ಓದು, ನೌಕರಿ, ಆಸ್ಪತ್ರೆ, ಬಾಡಿಗೆ ಮನೆ, ಇವುಗಳಲ್ಲಿ ಭೇದ ಮಾಡಬಾರದು ಅಂತ ಅದರಲ್ಲಿದೆ. ಓದಿ ಖುಷಿಯಾಯಿತು. "ಆದ್ರ ಇದು ನಿನಗ ಬರೂದಿಲ್ಲ ತಮ್ಮಾ" ಅಂದರು. ಅದು ಟ್ರಾನ್ಸ್‌ಜೆಂಡರ್ ಜನರಿಗೆ ಮಾತ್ರ. ಗಂಡಸನ್ನು ಪ್ರೀತಿಸುವ ಗಂಡಸಿಗೆ, ಹೆಂಗಸನ್ನು ಪ್ರೀತಿಸುವ ಹೆಂಗಸಿಗೆ ಅದರಲ್ಲಿ ಜಾಗ ಇಲ್ಲ. ಸಂವಿಧಾನದ 15ನೇ ವಿಧಿ? ಅದು ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ, ಮನೆ ಮಾಲೀಕರದ್ದಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟಾಗ ನಾನು ಅಪರಾಧಿ ಅಲ್ಲ ಅಂತಾಯಿತು. ನನ್ನನ್ನು ಹೊರಗೆ ಹಾಕಿದವರೂ ಅಪರಾಧಿ ಅಲ್ಲ.

ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ. ಇಡೀ ಸರ್ಕಾರ ನಮ್ಮೂರಿಗೇ ಬರುತ್ತದೆ, ಸುಮ್ನೆ ಕೂರಬಾರದು ಅನ್ನಿಸಿತು. ನಾವು ಐದು ಜನ ಸೇರಿದೆವು. ಒಬ್ಬರು ಸವದತ್ತಿ ಕಡೆಯ ಜೋಗಪ್ಪ, ಅಂದರೆ ಎಲ್ಲವ್ವನಿಗೆ ಮುಡಿಪಾದ ಟ್ರಾನ್ಸ್‌ಜೆಂಡರ್ ವ್ಯಕ್ತಿ. ಅವರನ್ನು ಎಲ್ಲರೂ ಅಕ್ಕ ಅನ್ನುತ್ತೇವೆ. ಅಧಿವೇಶನದ ಹೊತ್ತಿಗೆ ಪ್ರತಿಭಟನೆಗಳು ನಡೆಯುವ ಬಸ್ತವಾಡದಲ್ಲಿ ಟೆಂಟ್ ಹಾಕೋಣ ಅಂತ ಒಬ್ಬನ ಹಟ. ನಾನು ಬೇಡ ಅಂದೆ. ಪಕ್ಕದ ಟೆಂಟಿನಲ್ಲಿ ಸಾವಿರಾರು ಕಬ್ಬು ಬೆಳೆಗಾರರು ಕೂತಿರುವಾಗ ನಾವು ಐದು ಜನ ಕೂತರೆ ಯಾರು ನೋಡುತ್ತಾರೆ? ಅದಕ್ಕಿಂತ ಶಾಸಕರ ಮನೆ ಅಂಗಳವೇ ವಾಸಿ. ಜಿಲ್ಲೆಯಲ್ಲಿ 18 ಶಾಸಕರಿದ್ದಾರೆ. ಆರು ಜನರ ಮನೆಗೆ ಹೋದೆವು, ಮುಖಾಮುಖಿ ಸಿಕ್ಕವರು ಇಬ್ಬರು.

ಮೊದಲ ದಿನದ ಸೋಲಿನ ನಂತರ ಮನವಿಯನ್ನು ಅಕ್ಕನ ಮುಂದೆ ಓದಿದೆ. ನಾಲ್ಕು ಪುಟ, ಐದು ತೀರ್ಪು. ಅವರು ಎಲೆಅಡಿಕೆ ಹಾಕುತ್ತಾ ಕೇಳಿ, "ಅವರಿಗೆ ತೊಂದರಿ, ಅವರಿಗೆ ಅನ್ಯಾಯ ಅಂತ ಬರದೀಯಲ್ಲ. ಅವರಂದ್ರ ಯಾರೋ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಇಡೀ ಮನವಿ ಹರಿದು ಒಂದು ಪುಟ ಬರೆದೆ. "ನಾನು ನಿಮ್ಮ ಕ್ಷೇತ್ರದ ಮತದಾರ. ನಾನು ಸಲಿಂಗಿ ಎಂಬ ಕಾರಣಕ್ಕೆ ನನ್ನನ್ನು ಬಾಡಿಗೆ ಮನೆಯಿಂದ ಬಿಡಿಸಿದರು." ಕೆಳಗೆ ಹೆಸರು, ಸಹಿ. ಬರೆಯಲು ಹತ್ತು ನಿಮಿಷ ಸಾಕಾಯಿತು. ಸಹಿ ಹಾಕಲು ಎರಡು ದಿನ ಬೇಕಾಯಿತು. ಫೌಂಡ್ರಿಯಲ್ಲಿ ಗೊತ್ತಾದರೆ ಏನು ಗತಿ ಅನ್ನುವ ಲೆಕ್ಕವನ್ನೂ ಹಾಕಬೇಕಲ್ಲ. ನನ್ನ ಸಂಗಾತಿ ಇಂದಿಗೂ ಸಹಿ ಹಾಕಿಲ್ಲ. ನಾನು ಕೇಳಲೂ ಇಲ್ಲ.

ಎರಡನೇ ಸಲ ಅಕ್ಕನ ಜೊತೆ ಹೋದೆ. ಶಾಸಕರು ಅವರನ್ನು ನೋಡಿ ತಾವೇ ಕೈ ಮುಗಿದರು. "ಏನವಾ, ಪಿಂಚಣಿ ಬಂದಿಲ್ಲೇನು?" ಎಲ್ಲವ್ವನ ಮಕ್ಕಳಿಗೆ ಈ ಕಡೆ ಮರ್ಯಾದೆ ಇದೆ. ಬಾಡಿಗೆ ಮನೆ ಮಾತ್ರ ಇಲ್ಲ. ಅಕ್ಕ ನನ್ನ ಕಡೆ ಕೈ ತೋರಿಸಿದರು. ಕಾಗದ ನೋಡಿದ ಶಾಸಕರು, "ಓ, ಆ ಮದುವಿ ಕೇಸೇನು? ಕೋರ್ಟ್ ಆಗೂದಿಲ್ಲ ಅಂತಲ್ಲ?" ಅಂದರು. ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪದ ಸುಪ್ರೀಂ ಕೋರ್ಟಿನ ಅಕ್ಟೋಬರ್ 17ರ ತೀರ್ಪು ಟಿವಿಯಲ್ಲಿ ಬಂದಿತ್ತು.

"ಮದುವೆ ವಿಷಯ ಅಲ್ರಿ ಸರ್, ಬಾಡಿಗೆ ಮನೆ ವಿಷಯ."

"ಯಾರ್ದು?"

"ನಂದೇರಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಯಾವ ಓಣಿ, ಬಾಡಿಗೆ ಎಷ್ಟು, ಬಾಕಿ ಇಟ್ಟಿದ್ದಿರಾ ಅಂತ ಕೇಳಿದರು. ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು: "ಮನಿ ಅವರ್ದು. ಯಾರಿಗೆ ಕೊಡಬೇಕು ಅಂತ ನಾವು ಹೆಂಗ ಹೇಳೂದು?" ಅಸ್ಪೃಶ್ಯತೆ ಹೆಸರಲ್ಲಿ ಒಬ್ಬರನ್ನು ಓಣಿಯಲ್ಲಿ ಇರದಂತೆ ತಡೆದರೆ ಶಿಕ್ಷೆ ಅಂತ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲೇ ಇದೆ, ಆಗಲೂ ಮನೆ ಮಾಲೀಕರದ್ದೇ ಇತ್ತು ಅಂದೆ. ಅವರು ತಲೆಯಾಡಿಸಿದರು. ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ 2021ರಲ್ಲಿ ಶೇ. 1 ಮೀಸಲಾತಿ ತಂದದ್ದು ದೇಶದಲ್ಲೇ ನಮ್ಮ ರಾಜ್ಯ ಮೊದಲು ಅಂದಾಗ ಮುಖ ಅರಳಿತು. ನಾಲ್ಕು ತೀರ್ಪು ಹೇಳುವುದಕ್ಕಿಂತ "ನಾವೇ ಮೊದಲು" ಅನ್ನುವ ಮಾತು ಜಾಸ್ತಿ ಕೆಲಸ ಮಾಡುತ್ತದೆ.

"ಸದನದಾಗ ಪ್ರಶ್ನೆ ಹಾಕ್ತೀರಾ ಸರ್?" ಅಂದೆ. ಪಿಎ ನಕ್ಕರು. ಪ್ರಶ್ನೆಗೆ ಎಷ್ಟೋ ದಿನ ಮುಂಚೆ ನೋಟಿಸ್ ಕೊಡಬೇಕಂತೆ, ಹೊತ್ತು ಮೀರಿತ್ತು. ಇದು ನನ್ನ ತಪ್ಪು. ನೀವು ಹೋಗುವುದಾದರೆ ಅಧಿವೇಶನದ ತಾರೀಕು ಪ್ರಕಟವಾದ ವಾರವೇ ಹೋಗಿ. "ಬೆಂಬಲ ಕೊಡಿ" ಅನ್ನಬೇಡಿ, ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಪ್ರಶ್ನೆಯನ್ನು ನೀವೇ ಎರಡು ಸಾಲಿನಲ್ಲಿ ಬರೆದುಕೊಂಡು ಹೋಗಿ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸದೆ ಬರಬೇಡಿ.

ಶಾಸಕರು ತಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಟ್ಟರು, ಇಲಾಖೆಗೆ. ಮಾರ್ಚ್‌ನಲ್ಲಿ ಉತ್ತರ ಬಂತು. ತೃತೀಯ ಲಿಂಗಿಗಳಿಗೆ ಇರುವ ಯೋಜನೆಗಳ ಪಟ್ಟಿ. ನನ್ನಂಥವರ ಬಗ್ಗೆ ಒಂದು ಸಾಲೂ ಇಲ್ಲ. ಅಕ್ಕ ಅದನ್ನು ಓದಿಸಿ ಕೇಳಿ, "ನನಗ ಇಷ್ಟೆಲ್ಲಾ ಐತೇನು?" ಅಂತ ಬಿದ್ದು ಬಿದ್ದು ನಕ್ಕರು.

ಆ ಉತ್ತರವನ್ನೇ ಲಗತ್ತಿಸಿ ಮತ್ತೊಂದು ಪುಟ ಬರೆದು ಪಿಎಗೆ ಫೋನ್ ಮಾಡಿದೆ. ಹೆಸರು ಹೇಳುವ ಮೊದಲೇ, "ಗೊತ್ತಾತ್ರಿ, ಬಾಡಿಗಿ ಮನಿಯವ್ರು. ಸೋಮವಾರ ಬರ್ರಿ" ಅಂದರು.