ಊರಿನಲ್ಲಿ ಗಮಕ ವಾಚನದ ಕೂಟ ಕಟ್ಟುವ ಬಗೆ

ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ 15ನೆಯ ಶತಮಾನದ ಕಾವ್ಯ. ಅದು ಇಂದಿಗೂ ಉಳಿದುಬಂದಿದ್ದರೆ ಅದಕ್ಕೆ ಓಲೆಗರಿಗಳಷ್ಟೇ ಕಾರಣವಲ್ಲ. ಗಮಕ ವಾಚನದಲ್ಲಿ ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಿದ್ದಾಗ ಅಕ್ಷರ ಬಾರದವರೂ ಜಗಲಿಯಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ ಕುಳಿತು ಕೇಳಿದರು; ಕೇಳಿದ್ದನ್ನು ಮನೆಗೆ ಒಯ್ದು ಮಕ್ಕಳಿಗೆ ಹೇಳಿದರು. ಮಳೆ ಬಾರದ ವರ್ಷ ಊರವರೆಲ್ಲ ಸೇರಿ ವಿರಾಟಪರ್ವವನ್ನು ಓದಿಸುವ ರೂಢಿ ನಮ್ಮ ಎಷ್ಟೋ ಹಳ್ಳಿಗಳಲ್ಲಿತ್ತು. ಸಾಹಿತ್ಯದ ಪರಂಪರೆ ಸಮಾಜದೊಳಗೆ ಕೆಲಸ ಮಾಡುವುದೆಂದರೆ ಇದೇ ಎಂದು ನಾನು ನಂಬುತ್ತೇನೆ: ಕೇಳುವ ಜನ ಒಂದೆಡೆ ಸೇರುತ್ತಿರುವವರೆಗೆ ಅದು ಇರುತ್ತದೆ, ಅವರು ಚದುರಿದರೆ ಪುಸ್ತಕ ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಪರಂಪರೆಯನ್ನು ಮುಂದುವರಿಸಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸ ಒಂದು ಕೂಟವನ್ನು ಕಟ್ಟುವುದು.

ಆರಂಭಕ್ಕೆ ಐದಾರು ಮಂದಿ ಸಾಕು. ಅವರಲ್ಲಿ ಒಬ್ಬರು ವಾಚನ ಮಾಡುವವರು, ಇನ್ನೊಬ್ಬರು ವ್ಯಾಖ್ಯಾನ ಮಾಡುವವರು. ಇಬ್ಬರೂ ವಿದ್ವಾಂಸರಾಗಿರಬೇಕೆಂಬ ನಿಯಮವಿಲ್ಲ. ಮುಂಚಿತವಾಗಿ ಒಟ್ಟಿಗೆ ಕುಳಿತು ಸಿದ್ಧತೆ ಮಾಡಿಕೊಳ್ಳುವ ವ್ಯವಧಾನ ಇದ್ದರಾಯಿತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂತಹ ಊರು ಗಮಕಕ್ಕೆ ಹೆಸರಾದದ್ದು ಮನೆಮನೆಯ ಅಭ್ಯಾಸದಿಂದ. ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅಂತಹ ಹಿರಿಯರ ವಾಚನಗಳ ಧ್ವನಿಮುದ್ರಣಗಳನ್ನು ಕೇಳಿಯೇ ಕಿವಿ ಹದಗೊಳಿಸಿಕೊಳ್ಳಬೇಕು. ಈ ಕಲೆ ಬರಿಯ ಪುಸ್ತಕದಿಂದ ಬರುವುದಿಲ್ಲ.

ಪಠ್ಯಕ್ಕೆ ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ ಜನಪ್ರಿಯ ಆವೃತ್ತಿಯಾಗಲಿ, ಅರ್ಥಸಹಿತವಾದ ಬೇರೆ ಆವೃತ್ತಿಯಾಗಲಿ ಆದೀತು. ಆದರೆ ಕೂಟದಲ್ಲಿ ಎಲ್ಲರೂ ಒಂದೇ ಆವೃತ್ತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಪಾಠಾಂತರಗಳಿಂದಾಗಿ ಪದ್ಯಗಳ ಸಂಖ್ಯೆಯೂ ಪದಗಳೂ ವ್ಯತ್ಯಾಸವಾಗುತ್ತವೆ. ಹತ್ತು ಪರ್ವಗಳನ್ನೂ ಆದಿಯಿಂದ ಅನುಕ್ರಮವಾಗಿ ಓದುತ್ತೇವೆಂದು ಹೊರಡುವುದನ್ನು ನಾನು ಒಪ್ಪುವುದಿಲ್ಲ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ಮೊದಲ ಓದಿಗೆ ಅತ್ಯುತ್ತಮ. ಹೆಂಗಳೆಯರ ನಡುವೆ ಪೌರುಷ ಕೊಚ್ಚಿಕೊಂಡವನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಆ ಭಾಗದಲ್ಲಿ ಮಾತು ಆಡುನುಡಿಗೆ ಹತ್ತಿರವಾಗಿದೆ, ಮಕ್ಕಳೂ ನಕ್ಕು ಕೇಳುತ್ತಾರೆ.

ಇನ್ನು ಓದುವ ಕ್ರಮ. ಕಾವ್ಯವಿರುವುದು ಭಾಮಿನೀ ಷಟ್ಪದಿಯಲ್ಲಿ. ಆರು ಸಾಲುಗಳಲ್ಲಿ 1, 2, 4 ಮತ್ತು 5ನೆಯ ಸಾಲುಗಳಿಗೆ ಮೂರು-ನಾಲ್ಕು-ಮೂರು-ನಾಲ್ಕರ ಗಣಗಳಂತೆ, ಎಂದರೆ ಗುಂಪುಗಳಂತೆ, 14 ಮಾತ್ರೆಗಳು (ಲಘು ಅಕ್ಷರಕ್ಕೆ ಒಂದು ಮಾತ್ರೆ, ಎಳೆದು ಹೇಳುವ ಗುರುವಿಗೆ ಎರಡು). 3 ಮತ್ತು 6ನೆಯ ಸಾಲುಗಳಿಗೆ ಅದೇ ನಡಿಗೆಯಲ್ಲಿ 21 ಮಾತ್ರೆಗಳು ಬಂದು ಕೊನೆಗೊಂದು ಗುರು. ಪೀಠಿಕೆಯ ಮೊದಲ ಪದ್ಯವನ್ನೇ ಎತ್ತಿಕೊಂಡು ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

ಮೊದಲ ಸಾಲನ್ನು ‘ಶ್ರೀವ – ನಿತೆಯರ – ಸನೆವಿ – ಮಲರಾ’ ಎಂದು ಕೈತಟ್ಟುತ್ತ ಒಮ್ಮೆ ಹೇಳಿಕೊಂಡರೆ ನಡಿಗೆ ಕಿವಿಗೆ ಹತ್ತುತ್ತದೆ. ಆದರೆ ಹಾಗೆಯೇ ವಾಚನ ಮಾಡಿದರೆ ಅರ್ಥ ಕೆಡುತ್ತದೆ. ‘ರಾಜೀವ’ ಎಂಬ ಪದ ಎರಡು ಸಾಲುಗಳಿಗೆ ಹರಡಿಕೊಂಡಿದೆ. ಸಾಲು ಮುಗಿಯಿತೆಂದು ‘ರಾ’ ಎಂಬಲ್ಲಿ ನಿಂತರೆ ಕೇಳುವವರಿಗೆ ಕಮಲವೂ ಕಾಣುವುದಿಲ್ಲ, ಆ ಕಮಲದ ಮೇಲೆ ಕುಳಿತ ಬ್ರಹ್ಮನೂ ಕಾಣುವುದಿಲ್ಲ. ಹೊಸಬರ ವಾಚನದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಆದ್ದರಿಂದ ಹಿಂದಿನ ದಿನವೇ ಪೆನ್ಸಿಲ್ ಹಿಡಿದು, ಸಾಲನ್ನು ದಾಟುವ ಪದಗಳಿಗೆ ಕೊಂಡಿ ಹಾಕಿ, ಅರ್ಥ ನಿಲ್ಲುವ ಕಡೆ ಗೀಟು ಎಳೆದು, ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಗುರುತಿಸಿಟ್ಟುಕೊಳ್ಳಬೇಕು. ಪ್ರತಿ ಸಾಲಿನ ಎರಡನೆಯ ಅಕ್ಷರ ‘ವ’ಕಾರವಾಗಿ ಮರಳುವ ಪ್ರಾಸವೂ ಇಲ್ಲಿ ನೆರವಿಗೆ ಬರುತ್ತದೆ: ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದೆ ಹರಿದರೂ ಮುಂದಿನ ಸಾಲು ಹೊರಟದ್ದು ಆ ‘ವ’ಕಾರದಿಂದಲೇ ಕೇಳುಗರಿಗೆ ತಿಳಿಯುತ್ತದೆ.

ರಾಗದ ವಿಚಾರದಲ್ಲಿ ಮಿತಿ ಬೇಕು. ಶೋಕಕ್ಕೆ ನಾದನಾಮಕ್ರಿಯೆ, ವೀರಕ್ಕೆ ಅಠಾಣ, ಸಾಮಾನ್ಯ ಕಥನಕ್ಕೆ ಮೋಹನ ಎಂಬಂತೆ ಭಾವಕ್ಕೆ ಒಪ್ಪುವ ನಾಲ್ಕಾರು ರಾಗಗಳು ಕೈಯಲ್ಲಿದ್ದರೆ ಸಾಕು. ತಾಳವಾದ್ಯ ಬೇಡ, ತಂಬೂರಿ ಅಥವಾ ಮೊಬೈಲಿನ ಶ್ರುತಿ ಆ್ಯಪ್ ಸಾಕಾಗುತ್ತದೆ. ಗಮಕದಲ್ಲಿ ಸಾಹಿತ್ಯ ಮುಂದು, ಸಂಗೀತ ಹಿಂದು. ಆಲಾಪನೆ ಬೆಳೆದು ಪದವೇ ಕೇಳಿಸದಂತಾದರೆ ವಾಚಕರು ಎಷ್ಟೇ ಸುಶ್ರಾವ್ಯವಾಗಿ ಹಾಡಿದರೂ ಕೂಟದ ಉದ್ದೇಶ ಅಲ್ಲಿಗೆ ಸೋತಂತೆ.

ವ್ಯಾಖ್ಯಾನಕ್ಕೆ ಹೆಚ್ಚು ಶ್ರಮ ಬೇಕು, ಹೆಚ್ಚು ಧೈರ್ಯವೂ ಬೇಕು. ಮೊದಲು ಪದಗಳನ್ನು ಬಿಡಿಸಿ ನೇರವಾದ ಅರ್ಥ ಹೇಳಬೇಕು, ಬಳಿಕ ಸಂದರ್ಭ, ಆಮೇಲೆ ಮಾತ್ರ ವಿಚಾರ. ಒಂದು ಪದ್ಯ ಓದಿ ಅರ್ಧ ಗಂಟೆ ನೀತಿ ಹೇಳುವುದು ಕಾವ್ಯಕ್ಕೂ ಕೇಳುಗರಿಗೂ ಮಾಡುವ ಅನ್ಯಾಯ. ಇದರ ಜೊತೆಗೆ, ಹಳೆಯ ಕಾವ್ಯವೆಂಬ ಗೌರವದಿಂದ ಪ್ರಶ್ನೆಗಳನ್ನು ಮುಚ್ಚಿಡಬಾರದು. ಸಭಾಪರ್ವದಲ್ಲಿ ದ್ರೌಪದಿಯೇ ಪ್ರಶ್ನೆ ಎತ್ತುತ್ತಾಳೆ: ತನ್ನನ್ನು ತಾನು ಮೊದಲು ಸೋತ ಧರ್ಮರಾಯನಿಗೆ ನನ್ನನ್ನು ಪಣವಾಗಿ ಒಡ್ಡುವ ಅಧಿಕಾರ ಎಲ್ಲಿಯದು? ಸಭೆಯ ಹಿರಿಯರಿಂದ ಆಕೆಗೆ ನೇರವಾದ ಉತ್ತರ ದೊರೆಯುವುದಿಲ್ಲ. ಆ ಭಾಗವನ್ನು ಓದುವ ದಿನ ವ್ಯಾಖ್ಯಾನಕಾರರು ಅವಸರದಿಂದ ಅಕ್ಷಯವಸನದ ಪವಾಡಕ್ಕೆ ಹಾರದೆ ಆ ಪ್ರಶ್ನೆಯ ಬಳಿ ನಿಲ್ಲಬೇಕು, ಕೂಟದ ಹೆಂಗಸರು ಏನು ಹೇಳುತ್ತಾರೆಂದು ಕೇಳಬೇಕು. ಹಾಗೆಯೇ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಭಾಗ. ಕುಲದ ಹೆಸರಿನಲ್ಲಿ ಬದುಕಿಡೀ ಅಪಮಾನ ಉಂಡವನು ಆ ಕ್ಷಣದಲ್ಲಿ ಪಡುವ ಸಂಕಟವನ್ನು ವಿವರಿಸುವಾಗ ನಮ್ಮ ಊರಿನ ಕುಲದ ಲೆಕ್ಕಾಚಾರಗಳೂ ಮಾತಿಗೆ ಬರಲಿ. ಪರಂಪರೆಯನ್ನು ಗೌರವಿಸುವುದೆಂದರೆ ಅದು ಎತ್ತಿದ ಪ್ರಶ್ನೆಗಳನ್ನೂ ಹೊತ್ತುಕೊಳ್ಳುವುದು.

ಇದೇ ಕಾರಣಕ್ಕೆ ಸ್ಥಳದ ಆಯ್ಕೆ ಸಣ್ಣ ವಿಷಯವಲ್ಲ. ಹಿಂದಿನ ಎಷ್ಟೋ ವಾಚನಗಳಲ್ಲಿ ಕೆಲವರು ಜಗಲಿಯ ಮೇಲೆ, ಕೆಲವರು ಅಂಗಳದಲ್ಲಿ, ಕೆಲವರು ಬೀದಿಯಲ್ಲಿ ನಿಂತು ಕೇಳಬೇಕಾಗಿತ್ತು. ಆ ವ್ಯವಸ್ಥೆಯನ್ನು ಪರಂಪರೆಯ ಹೆಸರಿನಲ್ಲಿ ಮುಂದುವರಿಸಬಾರದು. ತನ್ನ ಕಾವ್ಯ ಅರಸರಿಗೂ ಯೋಗಿಗಳಿಗೂ ಮಂತ್ರಿಗಳಿಗೂ ವಿರಹಿಗಳಿಗೂ ಒದಗುತ್ತದೆಂದು ಪೀಠಿಕೆಯಲ್ಲಿ ಹೇಳಿಕೊಂಡ ಕವಿಯ ಕೇಳುಗರ ಪಟ್ಟಿಯನ್ನು ನಾವು ಇನ್ನಷ್ಟು ಹಿಗ್ಗಿಸಬೇಕು. ಗ್ರಂಥಾಲಯ, ಶಾಲೆಯ ಕೊಠಡಿ, ಸಮುದಾಯ ಭವನ, ಹೀಗೆ ಯಾರೂ ಹಿಂಜರಿಯದೆ ಒಳಗೆ ಬರಬಹುದಾದ ಜಾಗವನ್ನು ಆರಿಸಿ, ಎಲ್ಲರಿಗೂ ಒಂದೇ ಜಮಖಾನೆ ಹಾಸಿ.

ಒಂದು ಬೈಠಕ್‌ಗೆ ಒಂದೂವರೆ ಗಂಟೆ ಇಟ್ಟುಕೊಂಡರೆ ಇಪ್ಪತ್ತು ಪದ್ಯಗಳು ನೆಮ್ಮದಿಯಾಗಿ ಸಾಗುತ್ತವೆ. ಪೀಠಿಕೆಯ ಪದ್ಯದಿಂದ ಆರಂಭಿಸಿ, ಹಿಂದಿನ ವಾರ ಕಥೆ ಎಲ್ಲಿ ನಿಂತಿತ್ತೆಂಬುದನ್ನು ಮಕ್ಕಳಲ್ಲೊಬ್ಬರಿಂದ ಹೇಳಿಸಿ. ಆಮೇಲೆ ವಾಚಕರು ಪದ್ಯವನ್ನು ಒಮ್ಮೆ ಪೂರ್ಣವಾಗಿ ಓದಲಿ, ವ್ಯಾಖ್ಯಾನವಾಗಲಿ. ಪದ್ಯ ಕ್ಲಿಷ್ಟವಾಗಿದ್ದರೆ ಅರ್ಥ ತಿಳಿದ ಬಳಿಕ ಮತ್ತೊಮ್ಮೆ ಓದಲಿ. ಕೊನೆಯ ಕಾಲು ಗಂಟೆ ಕೇಳುಗರದು. ಉತ್ತರ ತಕ್ಷಣ ಹೊಳೆಯದ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದಿನ ವಾರ ಮೊದಲಿಗೆ ಅದನ್ನೇ ಎತ್ತಿಕೊಳ್ಳಬೇಕು. ಒಂದು ಪ್ರಸಂಗ ಮುಗಿದಾಗ ವಾಚಕರೂ ವ್ಯಾಖ್ಯಾನಕಾರರೂ ಬದಲಾಗಲಿ, ಕೇಳುತ್ತ ಕುಳಿತವರಲ್ಲಿ ಒಬ್ಬರಿಗೆ ಎರಡು ಪದ್ಯಗಳನ್ನಾದರೂ ಓದಲು ಕೊಡಿ. ಭಾಮಿನಿಯ ನಡಿಗೆ ಎಲ್ಲರ ಕಿವಿಗೆ ಕೂತ ಮೇಲೆ ಲಕ್ಷ್ಮೀಶನ ಜೈಮಿನಿ ಭಾರತವನ್ನು ಎತ್ತಿಕೊಳ್ಳಬಹುದು. ಅದು ವಾರ್ಧಕ ಷಟ್ಪದಿ, ಐದೈದು ಮಾತ್ರೆಗಳ ಗಣಗಳಲ್ಲಿ ನಡೆಯುವ ದೀರ್ಘವಾದ ಸಾಲುಗಳು, ಹಾಗಾಗಿ ಉಸಿರಿನ ಗುರುತುಗಳನ್ನು ಹೊಸದಾಗಿಯೇ ಹಾಕಿಕೊಳ್ಳಬೇಕಾಗುತ್ತದೆ.