ಪುತ್ರದಾ ಏಕಾದಶಿ ಸೊಸೆಯೊಬ್ಬಳ ಉಪವಾಸವಲ್ಲ

ಪುತ್ರದಾ ಏಕಾದಶಿ ವರ್ಷಕ್ಕೆ ಎರಡು ಸಲ ಬರುತ್ತದೆ. ಶ್ರಾವಣ ಶುಕ್ಲದಲ್ಲಿ ಒಂದು, ಪುಷ್ಯ ಶುಕ್ಲದಲ್ಲಿ ಇನ್ನೊಂದು. ಮಕ್ಕಳಾಗಲಿ, ಇರುವ ಮಕ್ಕಳು ಚೆನ್ನಾಗಿರಲಿ ಅಂತ ಮಾಡುವುದು. ಎಷ್ಟೋ ಮನೆಗಳಲ್ಲಿ ಇದನ್ನು ಸೊಸೆಯ ತಲೆಗೆ ಕಟ್ಟಿಬಿಡುತ್ತಾರೆ. ಕಥೆ ಹಾಗಿಲ್ಲ ನೋಡಿ. ಪುಷ್ಯದ ಕಥೆಯಲ್ಲಿ ಮಕ್ಕಳಿಲ್ಲದ ಕೊರಗಿನಲ್ಲಿ ಕಾಡಿಗೆ ಹೋದ ರಾಜ ಸುಕೇತುಮಾನನೇ ಋಷಿಗಳ ಮಾತು ಕೇಳಿ ಉಪವಾಸ ಇರುತ್ತಾನೆ. ಶ್ರಾವಣದ ಕಥೆಯಲ್ಲಂತೂ ಊರ ಜನರೆಲ್ಲ ವ್ರತ ಮಾಡಿ, ಬಂದ ಪುಣ್ಯವನ್ನು ರಾಜ ಮಹೀಜಿತನಿಗೆ ಧಾರೆ ಎರೆಯುತ್ತಾರೆ. ಅಂದ ಮೇಲೆ ಗಂಡನೂ ಉಪವಾಸ ಇರಬಹುದು, ಅತ್ತೆ ಮಾವನೂ ಇರಬಹುದು, ಅಲ್ವಾ?

ದಶಮಿಯ ದಿನ ಒಂದೇ ಹೊತ್ತು ಊಟ. ತುಳಸಿಯನ್ನು ಅವತ್ತೇ ಬಿಡಿಸಿ ಬಾಳೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ. ದ್ವಾದಶಿಯಂದು ತುಳಸಿ ಕೀಳುವುದಿಲ್ಲ. ಕಾಫಿ ಕುಡಿಯುವವರು ನಾಲ್ಕು ದಿನ ಮೊದಲಿಂದಲೇ ಲೋಟ ಚಿಕ್ಕದು ಮಾಡಿಕೊಳ್ಳಿ. ನನ್ನ ಮೊದಲ ಏಕಾದಶಿಯಲ್ಲಿ ಮಧ್ಯಾಹ್ನ ಮೂರಕ್ಕೆ ತಲೆ ಸಿಡಿಯತೊಡಗಿತು. ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದೆ. ನಮ್ಮತ್ತೆ ಬಂದು ನೋಡಿ, "ಇದು ಹಸಿವಲ್ಲ ಕಣೇ, ಕಾಫಿ" ಅಂದು ನಕ್ಕರು.

ಏಕಾದಶಿಯಂದು ಅನ್ನ ಇಲ್ಲ. ನೀರನ್ನೂ ಬಿಡುವವರಿದ್ದಾರೆ, ಹಾಲು ಹಣ್ಣು ತೆಗೆದುಕೊಳ್ಳುವವರೂ ಇದ್ದಾರೆ. ನಿಮ್ಮ ಮನೆಯ ಪದ್ಧತಿ ನೋಡಿಕೊಳ್ಳಿ. ಆದರೆ ಬಸುರಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಹಟ ಮಾಡಬೇಡಿ. ಡಾಕ್ಟರನ್ನು ಕೇಳಿ. ಮಕ್ಕಳಾಗಲೆಂದು ಔಷಧಿ ನಡೆಯುತ್ತಿದ್ದರೆ ಅದನ್ನೂ ತಪ್ಪಿಸಬೇಡಿ. ಅವತ್ತು ಮನೆಗೆ ಬಂದವರು "ಏನಾದ್ರೂ ವಿಶೇಷ ಇದೆಯಾ?" ಅಂತ ಸೊಸೆಯನ್ನು ಕೆದಕಿದರೆ, ಮಾತು ಬದಲಿಸುವುದು ಅತ್ತೆಯ ಕೆಲಸ.

ಜಾಸ್ತಿ ಜನ ಎಡವುವುದು ಪಾರಣೆಯಲ್ಲಿ, ಅಂದರೆ ಮರುದಿನ ಉಪವಾಸ ಬಿಡುವ ಊಟದಲ್ಲಿ. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ. ಅದು ಕಳೆದ ಮೇಲೆ, ದ್ವಾದಶಿ ಮುಗಿಯುವುದರೊಳಗೆ ಊಟ ಆಗಬೇಕು. ಕೆಲವು ಸಲ ಸಮಯ ತೀರಾ ಕಡಿಮೆ ಇರುತ್ತದೆ. ಪಂಚಾಂಗ ನೋಡಿ ಅಡುಗೆಮನೆ ಗೋಡೆಯ ಮೇಲೆ ಗಂಟೆ ಬರೆದಿಡಿ. ಅಗಸೆ ಸೊಪ್ಪನ್ನು ಹಿಂದಿನ ಸಂಜೆಯೇ ಸೋಸಿಡಿ. ಬೆಳಿಗ್ಗೆ ಅದರ ಪಲ್ಯ, ನೆಲ್ಲಿಕಾಯಿ ತಂಬುಳಿ, ಮೆತ್ತಗಿನ ಅನ್ನ ಸಾಕು. ಖಾಲಿ ಹೊಟ್ಟೆಗೆ ಖಾರದ ಹುಳಿ, ಕರಿದ ಹಪ್ಪಳ ಬೇಡ. ಉಪವಾಸ ಇದ್ದವಳೇ ನಿಂತು ಬಡಿಸುವುದೂ ಬೇಡ, ಅವಳಿಗೂ ಎಲೆ ಹಾಕಿ ಜೊತೆಯಲ್ಲೇ ಕೂರಿಸಿ.